ಚೀಲದ ತೂಕ ಕಳೆದು

ಸೀಮಂತದ ದಿನ ನನಗೆ ಬಳೆ ಏರಲಿಲ್ಲ.

ನನ್ನದು ಮೊದಲಿನಿಂದಲೂ ಎರಡು-ನಾಲ್ಕರ ಅಳತೆ. ಬಳೆಯಮ್ಮ ಸೋಪಿನ ನೀರು ಹಚ್ಚಿ ಹಸಿರು ಗಾಜಿನ ಬಳೆ ತಳ್ಳಿದರು. ಗೆಣ್ಣಿನ ಹತ್ತಿರ ಎರಡು ಒಡೆದವು. ಎರಡು-ಆರು ನೋಡಿದರು, ಅದೂ ಬಿಗಿ. ಕೊನೆಗೆ ಎರಡು-ಎಂಟು ತೊಡಿಸಿ, "ಬಸುರಿ ಕೈ ತುಂಬ್ಕೊಂಡಿದೆ, ಒಳ್ಳೇದೇ" ಎಂದರು. ಸುತ್ತ ಕೂತಿದ್ದ ಹೆಂಗಸರೂ ಹೌದು ಹೌದು ಅಂದರು. ಹದಿನೈದು ದಿನದಲ್ಲಿ ಮೂರು ಕಿಲೋ ಏರಿದ್ದೆ. ಕಾಲುಂಗುರ ಆಗಲೇ ಬಿಚ್ಚಿಟ್ಟಿದ್ದೆ.

ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ಅಂಕಿ ನೋಡಿದರೆ ಬೇಗ ಮರೆಯುವವಳಲ್ಲ. ಸೀಮಂತವಾದ ಎರಡನೇ ದಿನ ತಪಾಸಣೆಗೆ ಹೋದಾಗ ನನ್ನ 'ತಾಯಿ ಕಾರ್ಡ್'ನಲ್ಲಿ, ಅಂದರೆ ಬಸುರಿಯರ ತಪಾಸಣೆ ಬರೆದಿಡುವ ಕಾರ್ಡಿನಲ್ಲಿ, ಬರೆದ ಬಿಪಿ 144/92. ಅದಕ್ಕೆ ಮುಂಚಿನ ಐದೂ ಸಲ 110/70ರ ಆಸುಪಾಸು ಇತ್ತು. "ಜಾಸ್ತಿ ಆಯ್ತಲ್ವಾ?" ಎಂದು ಕೇಳಿದೆ. "ಮೆಟ್ಟಿಲು ಹತ್ತಿ ಬಂದಿದೀರಲ್ಲ, ಅದಕ್ಕೆ. ಉಪ್ಪು ಕಮ್ಮಿ ಮಾಡಿ, ಮುಂದಿನ ತಿಂಗಳು ಬನ್ನಿ" ಎಂದರು ತಪಾಸಣೆ ಮಾಡಿದವರು. ಮೂತ್ರ ಪರೀಕ್ಷೆ ಮಾಡಲಿಲ್ಲ. ಹತ್ತು ನಿಮಿಷ ಕೂರಿಸಿ ಇನ್ನೊಂದು ಸಲ ಬಿಪಿ ನೋಡಲೂ ಇಲ್ಲ. ಇಪ್ಪತ್ತು ವಾರ ಕಳೆದ ಮೇಲೆ 140/90 ದಾಟಿದರೆ, ಅದರ ಜೊತೆ ಮೂತ್ರದಲ್ಲಿ ಪ್ರೋಟೀನ್ ಕಂಡರೆ, ಅದು ಪ್ರೀಎಕ್ಲಾಂಪ್ಸಿಯಾ, ಬಸುರಿಗೆ ಫಿಟ್ಸ್ ತರಬಲ್ಲ ಬಿಪಿ ಕಾಯಿಲೆ. ಒಂದು ಪಟ್ಟಿ ಅದ್ದಿ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತೋ ಏನೋ. ಆ ಸಿಟ್ಟು ನನಗೆ ಇನ್ನೂ ಇದೆ.

ಬಾಣಂತನಕ್ಕೆಂದು ತವರಿಗೆ ಹೋದೆ. ಅಲ್ಲಿ ಒಂದು ವಾರ ಕಳೆಯುವುದರೊಳಗೆ ತಲೆನೋವು ಶುರುವಾಯಿತು. ಎರಡು ಹುಬ್ಬಿನ ನಡುವೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ. ಎದೆಗೂಡಿನ ಕೆಳಗೆ ಬಲಗಡೆ ನೋವು. ಅದು ಗ್ಯಾಸು ಎಂದು ಅಮ್ಮ ಜೀರಿಗೆ ಕಷಾಯ ಮಾಡಿಕೊಟ್ಟರು. ಮಂಗಳವಾರ ರಾತ್ರಿ ಬಚ್ಚಲಿಗೆ ಹೋದಾಗ ಕಣ್ಣ ಮುಂದೆ ಸುರುಸುರು ಬತ್ತಿಯ ಕಿಡಿಗಳಂಥವು ಹಾರಿದವು. ನಿದ್ದೆಗಣ್ಣು ಅಂದುಕೊಂಡು ಬಂದು ಮಲಗಿದೆ. ಈಗ ನೆನೆಸಿಕೊಂಡರೆ ಮೈ ಜುಂ ಅನ್ನುತ್ತೆ. ತಲೆನೋವು, ಹೊಟ್ಟೆಯ ಮೇಲ್ಭಾಗದ ನೋವು, ಕಣ್ಣಿಗೆ ಕಿಡಿ, ಮೂರೂ ಒಟ್ಟಿಗೆ ಬಂದರೆ ಫಿಟ್ಸ್ ಹೊಸಿಲ ಆಚೆಗೇ ನಿಂತಿದೆ ಅಂತ ಅರ್ಥವಂತೆ.

ಬುಧವಾರ ಬೆಳಿಗ್ಗೆ ಆಶಾ ಅಕ್ಕ ಬಂದರು. ಊರಿಗೆ ಬಸುರಿ ಬಂದಿದ್ದಾಳೆಂದು ಹೆಸರು ಬರೆದುಕೊಳ್ಳಲು ಬಂದವರು ಪುಸ್ತಕ ತೆರೆಯಲೇ ಇಲ್ಲ. ನನ್ನ ಮುಖ ನೋಡಿ, "ಏನವ್ವಾ ಇದು, ಮುಖ ಯಾಕಿಂಗೆ ಬಾತಿದೆ? ತಲೆ ಏನಾರ ನೋಯ್ತದಾ?" ಎಂದರು. ಹೌದು ಎಂದದ್ದೇ ತಡ, ನಮ್ಮಣ್ಣನ ಆಟೋ ಹತ್ತಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ 170/112. ಮೂತ್ರದ ಪಟ್ಟಿ ಕಡು ಹಸಿರಾಗಿತ್ತು, ಮೂರು ಪ್ಲಸ್. ಅಲ್ಲಿಂದ ತಾಲ್ಲೂಕು ಆಸ್ಪತ್ರೆ.

ಮುಂದಿನದೆಲ್ಲ ಬಹಳ ಬೇಗ ನಡೆಯಿತು. ಆದರೆ ಮೂರು ಇಂಜೆಕ್ಷನ್ನುಗಳ ಬಗ್ಗೆ ನಿಧಾನವಾಗಿಯೇ ಹೇಳಬೇಕು. ನನ್ನ ಮಗಳ ಚಿಕಿತ್ಸೆ ಶುರುವಾಗಿದ್ದು ಅವಳು ಹುಟ್ಟಿದ ಮೇಲಲ್ಲ, ನನ್ನ ಸೊಂಟಕ್ಕೆ ಬಿದ್ದ ಆ ಸೂಜಿಗಳಿಂದ.

ಎರಡು ಮೆಗ್ನೀಷಿಯಂ ಸಲ್ಫೇಟ್, ಎಡಕ್ಕೊಂದು ಬಲಕ್ಕೊಂದು. ಅದಕ್ಕೆ ಮುಂಚೆ ಅದನ್ನೇ ನಿಧಾನವಾಗಿ ರಕ್ತನಾಳಕ್ಕೂ ಬಿಟ್ಟರು. ಹಸಿಮೆಣಸಿನಕಾಯಿ ಅರೆದು ಒಳಗಿನಿಂದ ಮೈಗೆಲ್ಲ ಸವರಿದ ಹಾಗೆ ಉರಿ. "ಸೆಕೆ ಆಗುತ್ತೆ, ಹೆದರ್ಕೋಬೇಡಿ" ಎಂದು ಸಿಸ್ಟರ್ ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಇದು ನನಗೆ ಫಿಟ್ಸ್ ಬರದಿರಲು. ಇಷ್ಟು ಬೇಗ ಹುಟ್ಟುವ ಮಗುವಿನ ಮಿದುಳಿಗೂ ಅದು ಕಾವಲು ಎಂದು ಆಮೇಲೆ ತಿಳಿಯಿತು. ಮೂರನೆಯದು ಡೆಕ್ಸಾಮೆಥಾಸೋನ್, ಪೂರ್ತಿ ಮಗುವಿಗಾಗಿಯೇ. ಹನ್ನೆರಡು ಗಂಟೆಗೊಂದರಂತೆ ನಾಲ್ಕು ಬೀಳಬೇಕು. ತಿಂಗಳು ತುಂಬದ ಮಗುವಿನ ಶ್ವಾಸಕೋಶ ಒದ್ದೆ ಪ್ಲಾಸ್ಟಿಕ್ ಕವರಿನ ಹಾಗೆ ಒಳಗೊಳಗೇ ಅಂಟಿಕೊಳ್ಳುತ್ತೆ. ಅಂಟದಂತೆ ನೋಡಿಕೊಳ್ಳುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡು ಇನ್ನೂ ಸಾಕಷ್ಟು ಊರಿರುವುದಿಲ್ಲ. ಈ ಇಂಜೆಕ್ಷನ್ ಅದನ್ನು ಅವಸರಿಸುತ್ತೆ. ನ್ಯೂಜಿಲೆಂಡಿನ ಲಿಗಿನ್ಸ್ ಎಂಬ ವೈದ್ಯರು ಮೊದಲು ಕುರಿಗಳ ಮೇಲೆ ಇದನ್ನು ಕಂಡುಕೊಂಡರು. ಆಮೇಲೆ ಹೋವಿ ಎಂಬ ಮಕ್ಕಳ ವೈದ್ಯರ ಜೊತೆ ಸೇರಿ 1972ರಲ್ಲಿ ಹೆಂಗಸರಲ್ಲೂ ತೋರಿಸಿಕೊಟ್ಟರು. ದೊಡ್ಡ ದುಡ್ಡಿನ ಔಷಧಿಯೂ ಅಲ್ಲ ಇದು, ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲೇ ಇತ್ತು. ಕೊಟ್ಟಾಗ ಹನ್ನೊಂದು ಗಂಟೆ. ಆ ಹೊತ್ತನ್ನು ಡಾಕ್ಟರ್ ಚೀಟಿಯ ಮೇಲೆ ಬರೆದು ಸುತ್ತ ಗೆರೆ ಎಳೆದರು.

ಮಗುವಿಗೆ ವೆಂಟಿಲೇಟರ್ ಇರುವ ಬೆಡ್ ಎಲ್ಲಿ ಖಾಲಿ ಇದೆ ಎಂದು ಅದೇ ಡಾಕ್ಟರ್ ನಾಲ್ಕಾರು ಕಡೆ ಫೋನ್ ಮಾಡಿ, ಬೆಂಗಳೂರು ಎಂದು ಗೊತ್ತು ಮಾಡಿದರು. "ಇಲ್ಲೇ ಹೆರಿಗೆ ಮಾಡಿ ಮಗೂನ ಕಳಿಸಬಹುದಲ್ವಾ?" ಎಂದು ನಮ್ಮನೆಯವರು ಕೇಳಿದ್ದಕ್ಕೆ, "ಮಗು ಸಾಗಿಸೋಕೆ ತಾಯಿ ಹೊಟ್ಟೆಗಿಂತ ಒಳ್ಳೆ ಗಾಡಿ ಇನ್ನೊಂದಿಲ್ಲ" ಎಂದರು. 108 ಹೊರಟಿತು. ಕೆ.ಬಿ. ಕ್ರಾಸ್, ನಿಟ್ಟೂರು, ಗುಬ್ಬಿ. ಒಂದೊಂದು ಉಬ್ಬು ಬಂದಾಗಲೂ ಹೊಟ್ಟೆ ಹಿಡಿದುಕೊಂಡೆ. ಸೂಜಿಗೆ ಜಾಗ ಬೇಕೆಂದು ಸೀಮಂತದ ಬಳೆಗಳನ್ನು ಒಡೆದು ತೆಗೆದಿದ್ದರು. ಅಮ್ಮ ಅದಕ್ಕೇ ದಾರಿಯುದ್ದಕ್ಕೂ ಅತ್ತರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದವರು ಮಗು ಇರಬೇಕಾದ್ದಕ್ಕಿಂತ ಸಣ್ಣದಿದೆ, ಹೊಕ್ಕುಳಬಳ್ಳಿಯಲ್ಲಿ ರಕ್ತದ ಓಟ ಕಮ್ಮಿ ಎಂದರು. ತಪ್ಪು ನಾನು ತಿಂದ ಉಪ್ಪಿನದಲ್ಲ, ಮಾಸಿನದು, ಡಾಕ್ಟರು ಪ್ಲಾಸೆಂಟಾ ಅನ್ನುವುದರದು. ಗರ್ಭ ನಿಂತ ಮೊದಲ ತಿಂಗಳುಗಳಲ್ಲಿ ಮಾಸು ಸರಿಯಾಗಿ ಬೇರು ಬಿಡದಿದ್ದರೆ ಮಗುವಿಗೆ ರಕ್ತ ಸಾಲುವುದಿಲ್ಲ. ಆ ಬಡಪಾಯಿ ಮಾಸು ತಾಯಿಯ ರಕ್ತಕ್ಕೆ ಬಿಡುವ ವಸ್ತುಗಳು ಅವಳ ರಕ್ತನಾಳಗಳನ್ನೇ ಕೆಡಿಸುತ್ತವೆ. ಬಿಪಿ ಏರುವುದು, ಮೈ ಬಾಯುವುದು, ಮಗು ಸೊರಗುವುದು, ಎಲ್ಲದರ ಮೂಲ ಒಂದೇ. ಮಾಸು ಹೊರಗೆ ಬರುವ ತನಕ ಪೂರ್ತಿ ವಾಸಿ ಅನ್ನುವುದಿಲ್ಲ. ಮಗುವಿಗೆ ಒಳಗಿದ್ದಷ್ಟೂ ಲಾಭ, ನನಗೆ ಹೊರಗೆ ಬಂದಷ್ಟೂ ಲಾಭ. ಡಾಕ್ಟರ್ ಈ ಎರಡರ ನಡುವೆ ಗಂಟೆ ಲೆಕ್ಕದಲ್ಲಿ ಕೊಸರಾಡುತ್ತಿದ್ದರು.

ಸಿಸ್ಟರ್ ಆಗಾಗ ಬಂದು ಮಂಡಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಿದ್ದರು. ಕಾಲು ಚಿಮ್ಮಬೇಕು. ಚಿಮ್ಮದಿದ್ದರೆ ಮೆಗ್ನೀಷಿಯಂ ಜಾಸ್ತಿಯಾಯಿತೆಂದು ಅರ್ಥ. ಉಸಿರು ಎಣಿಸುತ್ತಿದ್ದರು, ಮೂತ್ರದ ಚೀಲ ಅಳೆಯುತ್ತಿದ್ದರು. ನಾನು ಗೋಡೆ ಗಡಿಯಾರ ನೋಡುತ್ತಿದ್ದೆ. ರಾತ್ರಿ ಹನ್ನೊಂದು, ಎರಡನೇ ಸೂಜಿ. ಗುರುವಾರ ಬೆಳಿಗ್ಗೆ ಹನ್ನೊಂದು, ಮೂರು. ರಾತ್ರಿ ಹನ್ನೊಂದು, ನಾಲ್ಕು.

ಅಜ್ಜಿ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಏಳೋ, ಎಂಟೋ?" ಏಳಕ್ಕೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅನ್ನುವುದು ಅವರ ಕಾಲದ ಲೆಕ್ಕ. ನನಗೆ 31 ವಾರ, ಅಂದರೆ ಏಳು ಮುಗಿದು ಎಂಟಕ್ಕೆ ಬಿದ್ದಿತ್ತು. ಹೆದರಿ ಡಾಕ್ಟರನ್ನು ಕೇಳಿಯೇ ಬಿಟ್ಟೆ. ಅವರು ನಗಲಿಲ್ಲ. "ಹಂಗೇನಿಲ್ಲಮ್ಮ, ಒಂದೊಂದು ವಾರ ಜಾಸ್ತಿ ಆದಷ್ಟೂ ಮಗುಗೆ ಒಳ್ಳೇದೇ" ಎಂದರು. ನಾನು ಅಜ್ಜಿಗೆ "ಏಳು" ಎಂದೆ.

ಶುಕ್ರವಾರ ನಸುಕಿನಲ್ಲಿ ಪ್ಲೇಟ್‌ಲೆಟ್ 82 ಸಾವಿರಕ್ಕಿಳಿಯಿತು. ಬಂದಾಗ ಒಂದು ಲಕ್ಷ ನಲವತ್ತು ಸಾವಿರ ಇತ್ತು. ಇನ್ನು ಕಾಯುವ ಹಾಗಿಲ್ಲ ಎಂದು ಐದು ಗಂಟೆಗೆ ಆಪರೇಷನ್ ಮಾಡಿದರು. ಮೊದಲ ಸೂಜಿಯಿಂದ 42 ಗಂಟೆ. ಬೆಕ್ಕಿನ ಮರಿಯ ದನಿಯೊಂದು ಕೇಳಿಸಿತು, ಅಷ್ಟೇ. ಒರೆಸದೆ ಹಾಗೇ ಕತ್ತಿನ ತನಕ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಮೈ ತಣ್ಣಗಾಗದಂತೆ ಎತ್ತಿಕೊಂಡು ಹೋದರು. ಹೆಣ್ಣು. 1,180 ಗ್ರಾಂ. ಸುಲಿದ ತೆಂಗಿನಕಾಯಿ ಎರಡು ಇಟ್ಟರೆ ಅಷ್ಟು ತೂಗುತ್ತೆ.

ಎರಡು ಗಂಟೆ ಕಳೆದ ಮೇಲೆ ನಮ್ಮನೆಯವರು ಒಂದು ಕಾಗದಕ್ಕೆ ಸಹಿ ಹಾಕಿದರು. ಮೂಗಿನ ಕೊಳವೆಯಲ್ಲಿ ಒತ್ತಡದ ಗಾಳಿ ಕೊಟ್ಟರೂ ಮಗು ಪಕ್ಕೆ ಒಳಗೆಳೆದುಕೊಂಡು ಉಸಿರಾಡುತ್ತಿತ್ತು. ಹೊರಗಿನಿಂದ ಸರ್ಫ್ಯಾಕ್ಟಂಟ್ ಹಾಕಬೇಕು, ಅದು ಹಸುವಿನ ಶ್ವಾಸಕೋಶದಿಂದ ತೆಗೆದದ್ದು ಎಂದರಂತೆ. ಇವರು "ಹಾಕಿ ಸಾರ್" ಎಂದರಂತೆ. ನಮ್ಮತ್ತೆಗೆ ಈ ವಿಷಯ ಇವತ್ತಿಗೂ ಹೇಳಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿತ್ತು. ಎರಡು ಕಿಲೋ ಮೇಲಿತ್ತು, ನನ್ನ ಮಗಳಿಗೆ ಹೆಚ್ಚುಕಮ್ಮಿ ಎರಡರಷ್ಟು. ಇದೇ ಉಸಿರಿನ ತೊಂದರೆಯಿಂದ 39 ಗಂಟೆಗೆ ಹೋಯಿತು. ಆಗ ಅವರಿಗೆ ಈ ಜಿಡ್ಡೂ ಇರಲಿಲ್ಲ, ಈ ಗಾಳಿಯ ಕೊಳವೆಯೂ ಇರಲಿಲ್ಲ.

ನಾನು ಅವಳನ್ನು ನೋಡಿದ್ದು ಎರಡನೇ ದಿನ, ಗಾಲಿಕುರ್ಚಿಯಲ್ಲಿ ಕೂತು. ಮೂಗಿಗೆ ಕೊಳವೆ, ಅದರ ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿ ಗುಳುಗುಳು ಅನ್ನುತ್ತಿತ್ತು. ಆ ಸದ್ದು ನಿಲ್ಲಬಾರದು. ಒಳಗಿನ ನರ ಕಾಣುವಷ್ಟು ತೆಳು ಚರ್ಮ. ಕಿವಿ ಮುಟ್ಟಿದರೆ ಮಡಚಿಕೊಂಡು ಹಾಗೇ ಉಳಿಯಿತು. ಹೆದರಿಕೆಯಾಗಿ ನಾನೇ ಬೆರಳಿನಿಂದ ಬಿಡಿಸಿದೆ.

"ಹಾಲು ತನ್ನಿ, ನೋಡ್ತಾ ಇದ್ರೆ ಆಗಲ್ಲ" ಎಂದರು ಒಬ್ಬ ಸಿಸ್ಟರ್. ಮೊದಲ ದಿನ ಹಿಂಡಿ ಹಿಂಡಿ ಸಿಕ್ಕಿದ್ದು ಮೂರು ಹನಿ ಗಿಣ್ಣುಹಾಲು. ಸಿರಿಂಜಿನಲ್ಲಿ ಹಿಡಿದು ಇವರು ಮೆಟ್ಟಿಲು ಹತ್ತಿ ಓಡಿದರು. ಎರಡು ಗಂಟೆಗೊಮ್ಮೆ ಎರಡು ಮಿಲಿ, ಬಾಯಿಂದ ಹೊಟ್ಟೆಗೆ ಇಳಿಸಿದ ಕೊಳವೆಯಲ್ಲಿ. ಕ್ವಿಂಟಾಲ್ ಲೆಕ್ಕ ಬರೆಯುತ್ತಿದ್ದವಳು ಮಿಲಿ ಲೆಕ್ಕಕ್ಕೆ ಬಂದೆ. ಇಂಥ ಮಕ್ಕಳ ಕರುಳು ಕೊಳೆಯುವ ಒಂದು ಕಾಯಿಲೆಯಿದೆ. ತಾಯಿಹಾಲು ಕುಡಿದವರಲ್ಲಿ ಅದು ಕಮ್ಮಿ. ಹಾಗಾಗಿ ರಾತ್ರಿ ಎರಡಕ್ಕೂ ಎದ್ದು ಹೊಲಿಗೆಯ ನೋವಿನಲ್ಲೇ ಹಿಂಡಿದೆ.

ಅವಳಿಗೆ ಕಾಫಿಯೂ ಕೊಟ್ಟರು. ತಮಾಷೆಯಲ್ಲ. ಬೇಗ ಹುಟ್ಟಿದ ಮಕ್ಕಳು ಉಸಿರಾಡುವುದನ್ನೇ ಮರೆತುಬಿಡುತ್ತವೆ. ಗಂಟೆ ಹೊಡೆದುಕೊಳ್ಳುತ್ತೆ, ಸಿಸ್ಟರ್ ಬಂದು ಅಂಗಾಲಿಗೆ ತಟ್ಟುತ್ತಾರೆ, ನೆನಪಾಗಿ ಮತ್ತೆ ಉಸಿರೆಳೆಯುತ್ತವೆ. ಅದಕ್ಕೆ ಕೊಡುವ ಔಷಧಿ ಕೆಫೀನ್. ನನಗೆ ಬೆಳಗಿನ ಲೋಟ ಸಿಗದೆ ಹತ್ತು ದಿನವಾಗಿತ್ತು, ಮಗಳಿಗೆ ದಿನಾ ತಪ್ಪದೆ ಸಿಗುತ್ತಿತ್ತು.

ನನ್ನ ಪಕ್ಕದ ಬೆಡ್‌ನಲ್ಲಿ ಒಬ್ಬ ಅಕ್ಕ ಇದ್ದರು. ಅವರ ಮಗು ತಿಂಗಳು ತುಂಬಿ ಹುಟ್ಟಿದ್ದು, ಮೂರು ಕಿಲೋ ಮೇಲೆ. ದುಂಡನೆಯ ಕೆನ್ನೆ. ಇಂಥ ಮಗು ಇಲ್ಲೇಕಿದೆ ಎಂದು ನನಗೆ ಆಶ್ಚರ್ಯ, ಸುಳ್ಳೇಕೆ, ಹೊಟ್ಟೆಕಿಚ್ಚೂ ಆಗಿತ್ತು. ನೋವು ಶುರುವಾಗಿ ಬಹಳ ಹೊತ್ತು ಹೆರಿಗೆಯಾಗದೆ, ನೀರು ಹಸಿರಾಗಿ ಹೋಗಿತ್ತಂತೆ. ಮಗು ಒಳಗೇ ಮಲ ಮಾಡಿಕೊಂಡು ಅದನ್ನು ಉಸಿರಿಗೆ ಎಳೆದುಕೊಂಡಿತ್ತು. ಹುಟ್ಟಿದಾಗ ಅಳಲಿಲ್ಲ. ಮಿದುಳಿಗೆ ಆಮ್ಲಜನಕ ಸಾಲದೆ ಫಿಟ್ಸ್ ಬರುತ್ತಿತ್ತು. ನಾಲ್ಕನೇ ದಿನ ಹೋಯಿತು. ನನಗೆ ಹಾಲು ಬರಲೆಂದು ಮೆಂತ್ಯ ಗಂಜಿ ತಂದ ದಿನವೇ ಅವರಿಗೆ ಹಾಲು ನಿಲ್ಲಿಸುವ ಮಾತ್ರೆ ಕೊಟ್ಟರು. ಅವರು ಬಟ್ಟೆ ತುಂಬಿಕೊಳ್ಳುವಾಗ ನಾನು ನಿದ್ದೆ ಬಂದವಳ ಹಾಗೆ ಮಲಗಿದ್ದೆ. ಒಂದು ಮಾತು ಆಡಬೇಕಿತ್ತು.

2020ರ ಸರ್ಕಾರಿ ಲೆಕ್ಕದಲ್ಲಿ ನಮ್ಮ ದೇಶದಲ್ಲಿ ಜೀವಂತ ಹುಟ್ಟಿದ ಸಾವಿರ ಮಕ್ಕಳಲ್ಲಿ 20 ಮಕ್ಕಳು 28 ದಿನ ದಾಟಲಿಲ್ಲ. ಬೇಗ ಹುಟ್ಟಿದ್ದು, ಹುಟ್ಟುವಾಗ ಉಸಿರು ಕಟ್ಟಿದ್ದು, ಸೋಂಕು. ದೊಡ್ಡ ಕಾರಣಗಳು ಈ ಮೂರೇ. ಮೊದಲಿನದು ನಮ್ಮ ಬೆಡ್ಡಿನದು, ಎರಡನೆಯದು ಪಕ್ಕದ ಬೆಡ್ಡಿನದು. ಮೂರನೆಯದು ಒಂಬತ್ತನೇ ದಿನ ನಮ್ಮನ್ನೇ ಹುಡುಕಿಕೊಂಡು ಬಂತು. ಹೊಟ್ಟೆ ಉಬ್ಬಿತು, ಹಾಲು ನಿಲ್ಲಿಸಿದರು, ರಕ್ತ ತೆಗೆದು ಆಂಟಿಬಯಾಟಿಕ್ ಹಾಕಿದರು. ಮೂರು ದಿನ ಹಿಂಡಿದ ಹಾಲು ಫ್ರಿಜ್ಜಿನಲ್ಲಿ ಹೆಸರು ಬರೆದುಕೊಂಡು ಕೂತಿತ್ತು. ನಾಲ್ಕನೇ ದಿನ ಮತ್ತೆ ಒಂದು ಮಿಲಿಯಿಂದ ಶುರು.

ದಿನಾ ಬೆಳಿಗ್ಗೆ ತೂಕ. ಡೈಪರ್ ತೂಕ, ಕೈಗೆ ಕಟ್ಟಿದ ಪಟ್ಟಿಯ ತೂಕ ಕಳೆದು ಬರೆಯುತ್ತಿದ್ದರು. ಮಂಡಿಯಲ್ಲಿ ನಾವು ಗೋಣಿಚೀಲದ ತೂಕ ಕಳೆಯುವ ಹಾಗೇ. 1,180 ಇದ್ದದ್ದು 1,060ಕ್ಕಿಳಿದು ನನ್ನ ಜೀವ ಬಾಯಿಗೆ ಬಂದಿತ್ತು. ಮೊದಲ ವಾರ ಇಳಿಯುವುದು ಸಹಜವಂತೆ. ಸೋಂಕು ಕಳೆದ ಮೇಲೆ ದಿನಕ್ಕೆ ಹದಿನೈದು, ಇಪ್ಪತ್ತು ಗ್ರಾಂ ಏರತೊಡಗಿತು. ಒಂದು ದಿನ ಐದೇ ಗ್ರಾಂ ಏರಿದ್ದಕ್ಕೆ ನಾನು ಊಟ ಬಿಟ್ಟೆ. ಸಿಸ್ಟರ್ ಬೈದರು.

ಆ ಸಿಸ್ಟರ್ ಕೊಪ್ಪಳದ ಕಡೆಯವರು. ಬೇಗ ಹುಟ್ಟಿದ ಮಕ್ಕಳಿಗೆ ಆಸ್ಪತ್ರೆಯಲ್ಲೂ ಮನೆಯಲ್ಲೂ ಕಾಂಗರೂ ಆರೈಕೆ ಕೊಡಿಸುವುದನ್ನು ಆ ಜಿಲ್ಲೆಯಲ್ಲಿ ದೊಡ್ಡದಾಗಿ ಮಾಡಿ ನೋಡಿದ್ದಾರೆ. ಅದರ ಬಗ್ಗೆ ಮಾತು ಬಂದರೆ ಅವರಿಗೆ ತವರಿನ ಸುದ್ದಿ ಬಂದ ಹಾಗೆ. ನನ್ನ ರವಿಕೆ ಬಿಚ್ಚಿಸಿ, ಡೈಪರ್ ಟೋಪಿ ಬಿಟ್ಟು ಬೇರೇನೂ ಇಲ್ಲದ ಮಗುವನ್ನು ಎದೆಯ ನಡುವೆ ಕಪ್ಪೆಯ ಹಾಗೆ ಮಲಗಿಸಿ, ಬಟ್ಟೆಯಲ್ಲಿ ಬಿಗಿದು ಕಟ್ಟಿದರು. ಕೈಕಾಲು ತಣ್ಣಗಿದ್ದವಳು ಅರ್ಧ ಗಂಟೆಯಲ್ಲಿ ಬೆಚ್ಚಗಾದಳು. ಮಾನಿಟರಿನಲ್ಲಿ ಎದೆಬಡಿತ ಒಂದೇ ಸಮನೆ ಓಡತೊಡಗಿತು. ಇನ್‌ಕ್ಯುಬೇಟರ್ ಸಾಲದೆ ಕೊಲಂಬಿಯಾದ ಬೊಗೊಟಾದಲ್ಲಿ 1978ರ ಸುಮಾರಿಗೆ ಶುರುವಾದ ಉಪಾಯವಿದು. ಮೊದಲೆಲ್ಲ ಮಗು ಸುಧಾರಿಸಿಕೊಂಡ ಮೇಲೆ ಮಾಡಿ ಎನ್ನುತ್ತಿದ್ದರು. ಹುಟ್ಟಿದ ಕೂಡಲೇ ಶುರು ಮಾಡಿದರೆ ಸಾವು ಕಾಲು ಭಾಗದಷ್ಟು ಕಮ್ಮಿಯಾಗುತ್ತೆ ಎಂದು 2021ರಲ್ಲಿ ಗೊತ್ತಾಯಿತು. ಆ ಅಧ್ಯಯನ ನಡೆದ ಐದು ದೇಶಗಳಲ್ಲಿ ನಮ್ಮದೂ ಒಂದು.

ನನಗೆ ಬೆನ್ನು ನೋವು ಬಂದಾಗ ಇವರ ಸರದಿ. "ಗಂಡಸರೂ ಕಟ್ಕೋಬಹುದು ಅಣ್ಣ, ಬನ್ನಿ" ಎಂದರು ಸಿಸ್ಟರ್. ಪುರುಡು ಕಳೆಯುವ ತನಕ ಮಗು ಮುಟ್ಟಬಾರದೆಂದಿದ್ದ ಅತ್ತೆ ವಾರ್ಡಿನ ಬಾಗಿಲಲ್ಲಿ ನಿಂತು, ಮಗ ಬರಿಮೈಯಲ್ಲಿ ಮೊಮ್ಮಗಳನ್ನು ಕಟ್ಟಿಕೊಂಡು ಕೂತದ್ದನ್ನು ಕಣ್ಣು ಬಿಟ್ಟು ನೋಡಿದರು. ಮಾತಾಡಲಿಲ್ಲ. ಮಾರನೇ ದಿನ ಅವನಿಗೆ ಒರಗಿಕೊಳ್ಳಲು ಮನೆಯಿಂದ ದಿಂಬು ಕಳಿಸಿದರು.

ಇಪ್ಪತ್ತೆಂಟನೇ ದಿನ ಕಣ್ಣಿನ ಪರೀಕ್ಷೆ. ಬೇಗ ಹುಟ್ಟಿದವರ ಕಣ್ಣಿನ ಹಿಂಪರದೆಯ ರಕ್ತನಾಳ ಅಡ್ಡಾದಿಡ್ಡಿ ಬೆಳೆದು ಕುರುಡಾಗಬಹುದು, ಆಮ್ಲಜನಕ ಜಾಸ್ತಿಯಾದರೂ ಹೀಗಾಗುತ್ತೆ. ಒಂದು ತಿಂಗಳೊಳಗೆ ನೋಡಿಸಲೇಬೇಕು. ನಮ್ಮ ರಾಜ್ಯದಲ್ಲಿ 2008ರಿಂದಲೇ ಕಿಡ್‌ರಾಪ್ ಎಂಬ ಯೋಜನೆಯಲ್ಲಿ ಜಿಲ್ಲೆಗಳಿಗೆ ಕ್ಯಾಮೆರಾ ಒಯ್ದು, ಚಿತ್ರ ತೆಗೆದು ದೂರದ ತಜ್ಞರಿಗೆ ತೋರಿಸುವ ಏರ್ಪಾಡಿದೆ. ನಮ್ಮವಳಿಗೆ ಲೇಸರ್ ಬೇಕಾಗಲಿಲ್ಲ. ಮೂರು ಸಲ ನೋಡಿ ಬಿಟ್ಟರು.

ಅಜ್ಜಿ ಬಂದದ್ದು ನಮ್ಮನ್ನು ಕಾಂಗರೂ ವಾರ್ಡಿಗೆ ಹಾಕಿದ ಮೇಲೆ. ಹೀರುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳಲು ಮಗುವಿಗೆ 34 ವಾರದ ಹತ್ತಿರ ಬರಬೇಕು. ಕೊಳವೆ ತೆಗೆದು ಪಲಾಡೆಯಲ್ಲಿ ಕುಡಿಸಲು ಕೊಟ್ಟರು. ಸ್ಟೀಲಿನದು, ಕೊಕ್ಕಿನಂಥ ಮೂತಿ. ನಾನು ಕುಡಿಸಿದ್ದು ಅರ್ಧ ಕತ್ತಿಗೆ ಹೋಯಿತು, ಮಗು ಕೆಮ್ಮಿ ನೀಲಿಯಾಯಿತು. ಅಜ್ಜಿ ನೋಡಿ, "ಅಯ್ಯೋ, ಇದು ನಮ್ ಒಳಲೆ ಅಲ್ವೇನೇ!" ಎಂದರು. ಕೈ ತೊಳೆದುಕೊಂಡು ಬಂದು ಕೂತು, ಮಗುವಿನ ತಲೆ ಮೊಣಕೈಗೆ ಒರಗಿಸಿ, ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿದರು. "ಸುರೀಬಾರ್ದು. ತುಟಿ ಒದ್ದೆ ಮಾಡಿ ಸುಮ್ನೆ ಇರು. ಅದೇ ನೆಕ್ಕತ್ತೆ." ನೆಕ್ಕಿತು. ನಿಲ್ಲಿಸಿತು, ಉಸಿರೆಳೆಯಿತು, ಮತ್ತೆ ನೆಕ್ಕಿತು. ಹದಿನೆಂಟು ಮಿಲಿ, ಒಂದು ಹನಿ ಚೆಲ್ಲದೆ. ಸಿಸ್ಟರ್ ಪಕ್ಕದ ಬೆಡ್‌ನವರನ್ನೂ ಕರೆದು ತೋರಿಸಿದರು. ಅಜ್ಜಿ ಊರಿಂದ ತಂದಿದ್ದ ಬೆಳ್ಳಿ ಒಳಲೆಯನ್ನು ಮಾತ್ರ ಒಳಗೆ ಬಿಡಲಿಲ್ಲ. ಕುದಿಸಿಕೊಡುತ್ತೇನೆಂದರೂ ಇಲ್ಲ ಎಂದರು. ಅಜ್ಜಿಗೆ ಅದೊಂದು ಬೇಜಾರು.

ನಲವತ್ತೊಂದನೇ ದಿನ, 1,720 ಗ್ರಾಂ ಇದ್ದಾಗ ಮನೆಗೆ ಕಳಿಸಿದರು. ನನ್ನ ಬಿಪಿ ಮಾತ್ರೆ ನಿಂತು ಆಗಷ್ಟೇ ಒಂದು ವಾರವಾಗಿತ್ತು. ಹೆರಿಗೆಯಾದ ಕೂಡಲೇ ಬಿಪಿ ಇಳಿದುಬಿಡುತ್ತೆ ಅಂದುಕೊಂಡಿದ್ದೆ, ಐದು ವಾರ ಹಿಡಿಯಿತು. ಮುಂದಿನ ಸಲ ಬಸುರಾದರೆ ಮೂರು ತಿಂಗಳು ತುಂಬುವ ಹೊತ್ತಿಗೇ ಬಂದು ಕಾಣಬೇಕು, ಹದಿನಾರು ವಾರದೊಳಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಶುರು ಮಾಡಬೇಕು ಎಂದು ಚೀಟಿಯಲ್ಲಿ ಬರೆದಿದ್ದಾರೆ. ಬಿಪಿ ಮಷೀನು ಕೊಂಡು ತಂದೆ. ಈಗ ಅದು ಮಂಡಿಯ ಗಲ್ಲಾಪೆಟ್ಟಿಗೆ ಪಕ್ಕ ಇದೆ.

ಊರಿಗೆ ಬಂದ ಮೇಲೂ ಆಶಾ ಅಕ್ಕ ಬರುತ್ತಿದ್ದರು. ಬಟ್ಟೆಯ ಜೋಲಿಯಲ್ಲಿ ಮಗುವನ್ನು ಹಾಕಿ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕುವರು. ಮುಳ್ಳು ನಿಲ್ಲುವ ತನಕ ನಾನು ಉಸಿರು ಹಿಡಿದಿರುತ್ತಿದ್ದೆ. ಅವತ್ತು ಅವರು ಪುಸ್ತಕ ತೆರೆದು ಹೆಸರು ಬರೆದುಕೊಂಡು ಹೋಗಿಬಿಟ್ಟಿದ್ದರೆ ಎಂದು ಒಮ್ಮೆ ಕೇಳಿದೆ. "ಅದೆಲ್ಲ ಈಗ್ಯಾಕವ್ವಾ, ಕಾಫಿ ಇಟ್ಟಿದೀಯಾ?" ಎಂದರು.

ಈಗ ಅವಳಿಗೆ ಹದಿನಾಲ್ಕು ತಿಂಗಳು, ಡಾಕ್ಟರ ಲೆಕ್ಕದಲ್ಲಿ ಹನ್ನೆರಡು. ಬೇಗ ಬಂದ ಎರಡು ತಿಂಗಳು ಕಳೆದೇ ಬೆಳವಣಿಗೆ ನೋಡಬೇಕಂತೆ. ಗೋಡೆ ಹಿಡಿದು ನಡೆಯುತ್ತಾಳೆ. ಹೋದ ವಾರ ಮಂಡಿಗೆ ಕರೆದೊಯ್ದಿದ್ದೆ. ತೂಕದ ತಟ್ಟೆಯ ಮೇಲೆ ಕೂರಿಸಿದರೆ ಕೆಂಪು ಅಂಕಿ ನೋಡಿ ಕೈ ತಟ್ಟಿದಳು. ಎಂಟು ಕಿಲೋ ಇನ್ನೂರು. ಹಮಾಲಿಯೊಬ್ಬ ಅವಳ ಸ್ವೆಟರು, ಕಾಲುಚೀಲ, ಲಂಗ ಎಲ್ಲ ಒಮ್ಮೆ ನೋಡಿ ಕೇಳಿದ:

"ಅಕ್ಕಾ, ಚೀಲದ ತೂಕ ಕಳೀಲಾ?"